ಗೆದ್ದ ಮೇಲೆ ಸೋತ ಹಳದಿ ಕಾರು

ಚೇತನ್, ಹರ್ಷಿತಾ, ನೀವು ಭಾನುವಾರ ಸಂಜೆ ಟಿವಿಯಲ್ಲಿ ಕಾರ್ ರೇಸ್ ನೋಡುವುದನ್ನು ಬಿಟ್ಟು ಹೆಚ್ಚುಕಡಿಮೆ ಒಂದು ತಿಂಗಳಾಯಿತು. ಯಾಕೆ ಬಿಟ್ಟಿರಿ? ಎದುರಿಗೆ ಕೇಳಲು ನನಗೆ ಸಂಕೋಚ. ಅದಕ್ಕೇ ಪತ್ರಿಕೆಯ ನನ್ನ ಈ ಅಂಕಣದಲ್ಲಿ ಕೇಳುತ್ತಿದ್ದೇನೆ. (ಉಳಿದ ಓದುಗರು ಈ ವಾರ ಅಜ್ಜಿಯನ್ನು ಸಹಿಸಿಕೊಳ್ಳಬೇಕು.)

ಆ ಕೊನೆಯ ಸಂಜೆ ನಮ್ಮ ಹಳದಿ ಕಾರಿನವನು ಮೊದಲು ಬಂದ. ನೀವಿಬ್ಬರೂ ಸೋಫಾ ಹತ್ತಿ ಕುಣಿದಿರಿ. ಮನೆಯಲ್ಲಿ ಒಳ್ಳೆಯದಾದರೆ ನಮ್ಮ ಶ್ರೀನಿವಾಸಪುರದ ಕಡೆ ಪಕ್ಕದ ಮನೆಗೆ ಹಣ್ಣು ಕೊಡದೆ ಇರುತ್ತೇವೆಯೇ? ತೋಟದ ಬಾದಾಮಿ ಮಾವಿನ ಹಣ್ಣನ್ನು ತಟ್ಟೆ ತುಂಬ ಇಟ್ಟುಕೊಂಡು ನಾರಾಯಣಮ್ಮನ ಮನೆಗೆ ಹೋದೆ.

“ಏಮಿ ವಿಶೇಷಂ ಅಕ್ಕಾ?” ಎಂದಳು ತನ್ನ ತೆಲುಗಿನಲ್ಲಿ.

“ನಮ್ಮ ಹುಡುಗ ಗೆದ್ದ ಕಣೇ!”

ಯಾರ ಮಗ, ಯಾವ ದೇಶ, ನನಗೂ ಗೊತ್ತಿಲ್ಲ.

ವಾಪಸ್ ಬಂದು ಮುದ್ದೆ ತಿರುವುತ್ತಿದ್ದೆ. ಚೇತನ್, ನೀನು ಒಳಗಿಂದ ಕೂಗಿದೆ. “ಅಜ್ಜೀ, ನಮ್ಮೋನು ಗೆದ್ದಿಲ್ವಂತೆ! ಮೂರನೇ ಜಾಗಕ್ಕೆ ಇಳಿಸವ್ರೆ.”

“ಅದೆಂಗೋ? ಕಣ್ಣಾರೆ ನೋಡಿದ್ವಲ್ಲ!”

“ಎಲ್ಲೋ ಟ್ರ್ಯಾಕ್ ಅಂಚಿನ ಬಿಳಿ ಗೆರೆ ದಾಟಿದ್ನಂತೆ. ಅದಕ್ಕೆ ಅವನ ಟೈಮ್‌ಗೆ ಇನ್ನಷ್ಟು ಸೆಕೆಂಡ್ ಸೇರಿಸಿದ್ರು.”

“ದಾಟಿದಾಗ್ಲೇ ಹೇಳ್ಬೇಕಿತ್ತು ತಾನೆ?”

“ರೇಸ್ ಮುಗಿದ್ಮೇಲೆ ಅಂಪೈರ್‌ಗಳು ಮೀಟಿಂಗ್ ಮಾಡಿ ಹೇಳ್ತಾರಜ್ಜಿ.”

ಕೋಲಾರದ ಟೊಮೆಟೊ ಮಂಡಿಯಲ್ಲಿ ಹರಾಜು ಕೂಗಿ ಮುಗಿಸಿದರೆ ಮುಗಿಯಿತು. ಬಾಕ್ಸ್ ಲಾರಿ ಹತ್ತಿದ ಮೇಲೆ ಯಾರಾದರೂ ಮೀಟಿಂಗ್ ಮಾಡುತ್ತಾರೆಯೇ?

“ಆಫ್ ಮಾಡೋ. ಇನ್ಮೇಲೆ ನೋಡೋದೇ ಬೇಡ” ಎಂದವಳು ನೀನು, ಹರ್ಷಿತಾ.

ಸುದ್ದಿ ಕೇಳಿದ ನಾರಾಯಣಮ್ಮ ಕಾಂಪೌಂಡ್ ಆಚೆಯಿಂದ ನಕ್ಕಳು. “ಹಣ್ಣೆಲ್ಲಾ ತಿಂದ್ಬಿಟ್ವಲ್ಲಕ್ಕಾ! ವಾಟೆ, ಸಿಪ್ಪೆ ವಾಪಸ್ ಕಳಿಸ್ಲಾ?”

ಬರೀ ಆ ಗೆರೆಯೇ ಕಾರಣವೇ? ಅದಕ್ಕೂ ಮುಂಚೆ ನೀವು ಗೊಣಗುತ್ತಿದ್ದಿರಿ. ವಾರವಾರವೂ ಒಬ್ಬನೇ ಗೆಲ್ಲುತ್ತಾನೆ ಎಂದಿರಿ. ಟೈರ್ ಉಳಿಸಲು ಬೇಕೆಂದೇ ನಿಧಾನ ಹೋಗುತ್ತಾರೆ ಎಂದಿರಿ. (ರೇಸಿನಲ್ಲಿ ನಿಧಾನ! ಹಾಗಾದರೆ ನಮ್ಮೂರ ಬಸ್ಸು ಏನು ತಪ್ಪು ಮಾಡಿತು?) ಒಬ್ಬನೇ ಗೆದ್ದರೆ ನಿಮಗೆ ಬೇಜಾರು. ಇನ್ನೊಬ್ಬ ಗೆದ್ದರೆ ಅವರು ಮೀಟಿಂಗ್ ಮಾಡುತ್ತಾರೆ. ನನಗಂತೂ ತಲೆಬುಡ ತಿಳಿಯಲಿಲ್ಲ.

ನಿಜ ಹೇಳಲೇ? ರೇಸ್ ನನಗೆ ಯಾವತ್ತೂ ಅರ್ಥವಾಗಿರಲಿಲ್ಲ. ತಾತ ಹೋದ ಮೇಲೆ ಸಂಜೆಯಾದರೆ ಏನು ಮಾಡಬೇಕೆಂದೇ ತೋಚುತ್ತಿರಲಿಲ್ಲ. ಭಾನುವಾರವಾದರೂ ನಿಮ್ಮಿಬ್ಬರ ನಡುವೆ ಕೂರಬಹುದಿತ್ತು. “ಈಗ ಯಾರು ಮುಂದೆ?” ಎಂದರೆ ಸಾಕು, ಇಬ್ಬರೂ ಕಿತ್ತಾಡಿಕೊಂಡು ಹೇಳುತ್ತಿದ್ದಿರಿ. ಈಗ ಚೇತನ್ ಕೈಯಲ್ಲಿ ಫೋನು, ಹರ್ಷಿತಾಳ ರೂಮಿನ ಬಾಗಿಲು ಮುಚ್ಚಿರುತ್ತದೆ. ಆ ಬಾಗಿಲು ತಟ್ಟಿ ಏನೆಂದು ಕೇಳಲಿ?

ಈ ಪುಟವನ್ನು ಕತ್ತರಿಸಿ ಜೋಪಾನವಾಗಿ ಇಟ್ಟುಕೊಳ್ಳಿ ಮಕ್ಕಳೇ, ದೊಡ್ಡವರಾದ ಮೇಲೆ ಓದಿ ನಗುವಿರಂತೆ. ಸದ್ಯಕ್ಕೆ ಇಷ್ಟು ಹೇಳಿ: ರೇಸ್ ಬಿಟ್ಟವರು ನೀವು, ಜಾಗ ಹೋದದ್ದು ಮಾತ್ರ ನನ್ನದು ಯಾಕೆ?