ಅಪ್ಪನ ಫೋಟೊ ಮುಂದಿನ ಬಿಯರ್

ನಮ್ಮಣ್ಣನ ಕೈಗೆ ಸಿಕ್ಕ ಯಾವ ವಸ್ತುವೂ ತನ್ನ ಕೆಲಸ ತಾನು ಮಾಡಿಕೊಂಡು ಸುಮ್ಮನಿರುವಂತಿರಲಿಲ್ಲ. ಹುಣಸೂರಿನಲ್ಲಿ ಅವನದು ಫ್ರಿಡ್ಜ್ ರಿಪೇರಿ ಅಂಗಡಿ. ಹನಗೋಡಿನ ಹತ್ತಿರದ ನಮ್ಮ ಹಳ್ಳಿಯಿಂದ ದಿನಾ ಬೈಕಿನಲ್ಲಿ ಹೋಗಿ ಬರುತ್ತಿದ್ದ. ಕೆಟ್ಟ ಮಿಕ್ಸಿಯ ಮೋಟರು ಬಿಚ್ಚಿ ಫ್ಯಾನು ಮಾಡುವುದು, ಫ್ರಿಡ್ಜಿನ ಬಾಗಿಲು ಕಿತ್ತು ಕೋಳಿಗೂಡಿಗೆ ಹಾಕುವುದು, ಇಂಥವೇ. ಸುತ್ತಲಿನವರು ಹೊಗಳಿ ಹೊಗಳಿ ಅವನನ್ನು ಅಟ್ಟಕ್ಕೇರಿಸಿದ್ದರು. ಇಳಿಸಲು ನಾನು ಎಷ್ಟು ಬೈದರೂ ಸಾಲುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ, ಮುಚ್ಚಿಹೋದ ಬೇಕರಿಯೊಂದರ ಡೀಪ್ ಫ್ರೀಜರ್ ಅವನ ಪಾಲಿಗೆ ಬಂತು. ಐಸ್‌ಕ್ರೀಂ ಇಡುವಂಥದ್ದು, ಉದ್ದನೆಯ ಪೆಟ್ಟಿಗೆ, ಮೇಲಿಂದ ಮುಚ್ಚಳ ಎತ್ತಬೇಕು. ನಾವೆಲ್ಲ ಅದನ್ನು ಯಾರಿಗಾದರೂ ಮಾರುತ್ತಾನೆ ಅಂದುಕೊಂಡೆವು. ಅವನು ಮನೆಗೇ ಹೊತ್ತು ತಂದು ನಡುಮನೆಯ ಪಕ್ಕದ ಜಗುಲಿಯಲ್ಲಿ ಇಟ್ಟ. ಬೆಂಗಳೂರಿನ ಪಬ್ಬುಗಳಲ್ಲಿ ನಲ್ಲಿ ತಿರುಗಿಸಿದರೆ ಬಿಯರ್ ಬರುತ್ತದಲ್ಲ, ಅದನ್ನು ಇದರಲ್ಲಿ ಮಾಡುತ್ತೇನೆ ಅಂದ. ಆಮೇಲೆ ಬೀಗರ ಔತಣಗಳಿಗೆ ಬಾಡಿಗೆಗೆ ಕೊಡಬಹುದಂತೆ. ಕುರಿ ಕಡಿದು ಊಟ ಹಾಕುವವರು ಬಾಟಲಿ ಹಂಚುವ ಬದಲು ನಲ್ಲಿ ಬಿಡುತ್ತಾರಂತೆ.

ಕೆಲಸ ಮಾತ್ರ ಚೆನ್ನಾಗಿ ಮಾಡಿದ, ಅದನ್ನು ಹೇಳಲೇಬೇಕು. ಮೊದಲು ಆತುರಕ್ಕೆ ಪೆಟ್ಟಿಗೆಯ ಹೊಟ್ಟೆಗೇ ಡ್ರಿಲ್ ಇಟ್ಟ. ತಗಡಿನ ಹಿಂದೆ ಸುತ್ತಲೂ ಗ್ಯಾಸಿನ ಪೈಪು ಇರುತ್ತದೆ ಎಂದು ಊರಿಗೆಲ್ಲ ಹೇಳುವವನು ತನ್ನದಕ್ಕೇ ತೂತು ಕೊರೆದ. ಬುಸ್ ಎಂದು ಗ್ಯಾಸೆಲ್ಲ ಹೋಯಿತು. ಅದನ್ನು ಬೆಸೆದು ಮತ್ತೆ ಗ್ಯಾಸ್ ತುಂಬಿಸಿ, ಈ ಸಲ ಬುದ್ಧಿವಂತನಾಗಿ, ಪೆಟ್ಟಿಗೆಗೂ ಮುಚ್ಚಳಕ್ಕೂ ನಡುವೆ ಗೇಣಗಲದ ಮರದ ಚೌಕಟ್ಟು ಕೂರಿಸಿ, ಆ ಮರಕ್ಕೆ ತೂತು ಮಾಡಿ ನಲ್ಲಿ ಹಾಕಿದ. ಒಳಗೆ ಮೈಸೂರಿನ ಯಾವುದೋ ಬಾರಿನವರನ್ನು ಕಾಡಿ ಬೇಡಿ ತಂದ ಸ್ಟೀಲಿನ ಪೀಪಾಯಿ, ಅದರ ಪಕ್ಕದಲ್ಲಿ ಸೋಡಾ ಮಾಡುವವರ ಗ್ಯಾಸ್ ಸಿಲಿಂಡರು. ಹಾಗೇ ಬಿಟ್ಟರೆ ಬಿಯರ್ ಕಲ್ಲಾಗುತ್ತದೆಂದು ಬೇರೆ ಥರ್ಮೋಸ್ಟಾಟ್ ಹಾಕಿ, ಬರೀ ತಣ್ಣಗಾಗುವಂತೆ ಮಾಡಿದ. ಅವ್ವ ಬಂದು ನಲ್ಲಿಯನ್ನು ಮುಟ್ಟಿ ನೋಡಿ, "ಚೆಂದಾಗದೆ ಕಣ್ಲಾ. ನೀರು ಬರೋದಾದ್ರೆ ಅಡಿಗೆ ಮನೆಗಾದ್ರೂ ಹಾಕು" ಎಂದು ಒಳಗೆ ಹೋದಳು.

ಬಿಯರಿನ ಮಾತನ್ನೇ ಅವಳು ಎತ್ತಲಿಲ್ಲ, ಯಾಕೆಂದರೆ ಅಪ್ಪನ ಕಾಲದಿಂದ ನಮ್ಮ ಮನೆಯ ಹೊಸಲು ದಾಟಿ ಕುಡಿಯುವಂಥದ್ದು ಒಳಗೆ ಬಂದಿರಲಿಲ್ಲ. ನಮ್ಮಪ್ಪ ನೀರುಗಂಟಿ. ನಾಲೆಯ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಯಾವತ್ತು ನೀರು ಎಂದು ಸರದಿ ಕಾಯುವುದು ಅವನ ಕೆಲಸ. ನೀರುಗಂಟಿಯನ್ನು ಒಲಿಸಿಕೊಳ್ಳುವುದು ಹೇಗೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಹೊತ್ತು ಮುಳುಗಿದ ಮೇಲೆ ಟವಲಿನಲ್ಲಿ ಸುತ್ತಿದ ಬಾಟಲಿ ಮನೆಗೆ ಬರುತ್ತದೆ, ಬೆಳಗಾಗುವಷ್ಟರಲ್ಲಿ ಬಾಟಲಿ ಕೊಟ್ಟವನ ಗದ್ದೆ ತುಂಬಿರುತ್ತದೆ. ಅಪ್ಪ ಆ ಬಾಟಲಿಗಳನ್ನು ಮುಟ್ಟದೆ ತಿರುಗಿ ಕಳಿಸಿದ. ಕುಡಿಯುವುದಿಲ್ಲ ಅನ್ನುವುದು ಅವನಿಗೆ ಮಡಿಯಲ್ಲ, ಅವನ ಕೆಲಸವೇ ಅದರ ಮೇಲೆ ನಿಂತಿತ್ತು.

ನಾಲೆಯ ತುತ್ತತುದಿಯಲ್ಲಿ ಗದ್ದೆಯಿದ್ದವರೊಬ್ಬರನ್ನು ನಾವು ದೊಡ್ಡಪ್ಪ ಎನ್ನುತ್ತಿದ್ದೆವು. ಒಂದು ವರ್ಷ ತೆನೆ ಹಾಲುಗಟ್ಟುವ ಹೊತ್ತಿಗೆ ಅವರ ಗದ್ದೆಗೆ ನೀರು ಮುಟ್ಟಲಿಲ್ಲ. ಭತ್ತವೆಲ್ಲ ದನದ ಮೇವಾಯಿತು. ನೀರುಗಂಟಿ ನಿಮ್ಮ ನೀರನ್ನು ಮೇಲಿನವರಿಗೆ ಮಾರಿಕೊಂಡ ಎಂದು ಜನ ಅವರ ಕಿವಿ ಊದಿದರು. ಅಪ್ಪ ಅವರ ಮನೆಗೆ ಹೋಗಿ, ನಾಲೆಯಲ್ಲೇ ನೀರಿರಲಿಲ್ಲ, ನಂಬು ಅಂದ. ಅವರು ನಂಬಿದರು. "ಕುಡಿಯೋನಾಗಿದ್ರೆ ಅನುಮಾನ ಪಡ್ತಿದ್ದೆ. ಇವನು ಕುಡಿಯೋನಲ್ಲ" ಎಂದು ಕಿವಿ ಊದಿದವರಿಗೇ ತಿರುಗಿ ಹೇಳಿದರಂತೆ. ಅಪ್ಪ ಸತ್ತಾಗ ಹೆಣಕ್ಕೆ ಮೊದಲು ಹೆಗಲು ಕೊಟ್ಟವರು ಅವರೇ.

ಇನ್ನು ಅಣ್ಣನ ಯಂತ್ರ. ಅದಕ್ಕೆ ಒಂದು ಶುಭಾರಂಭ ಬೇಕಿತ್ತು, ಅವ್ವ ಒಪ್ಪುತ್ತಿರಲಿಲ್ಲ. ಹಿರಿಯರ ಪಕ್ಷ ಬಂತು. ಸತ್ತವರಿಗೆ ಏನು ಇಷ್ಟವೋ ಅದನ್ನು ಎಡೆ ಇಡುವ ಹಬ್ಬ. ಬಾಡು, ಬೀಡಿ, ಬ್ರಾಂದಿ, ಏನಾದರೂ ಸರಿ, ಸತ್ತವರಿಗೆ ಬೇಕಿದ್ದರೆ ಬಾಳೆಲೆಗೆ ಬರುತ್ತದೆ. ನಮ್ಮಪ್ಪನಿಗೆ ಎಲೆಯಡಿಕೆ, ಕೋಳಿ ಸಾರು, ಮುದ್ದೆ, ಅಷ್ಟೇ. ಅಣ್ಣ ಅವ್ವನ ಹಿಂದೆ ಬಿದ್ದ. "ಅಪ್ಪಂಗಲ್ಲ ಕಣವ್ವ, ತಾತಂಗೆ. ತಾತ ಕುಡೀತಿರ್ಲಿಲ್ವಾ? ಅವರ ಹೆಸರಲ್ಲಿ ಒಂದು ಗ್ಲಾಸ್ ಇಡಾನ." ತಾತ ಸರಾಯಿ ಕುಡಿಯುತ್ತಿದ್ದುದು ನಿಜ. ಹಿರಿಯರಿಗೆ ಅಂದ ಮೇಲೆ ಬೇಡ ಅನ್ನಲು ಅವ್ವನಿಗೆ ಬಾಯಿ ಬರಲಿಲ್ಲ. ಆದರೆ ತಾತನ ಕಾಲಕ್ಕೆ ಫೋಟೊ ತೆಗೆಸುವವರು ಯಾರು? ಗೋಡೆಯ ಮೇಲೆ ಇದ್ದುದು ಅಪ್ಪನ ಫೋಟೊ ಒಂದೇ. ಇದು ಆ ಹೊತ್ತಿಗೆ ನಮಗೆ ಯಾರಿಗೂ ಹೊಳೆಯಲಿಲ್ಲ.

ಪಿರಿಯಾಪಟ್ಟಣದಿಂದ ನಾನೂ ನನ್ನ ಗಂಡನೂ ಹಬ್ಬಕ್ಕೆ ಬಂದಿದ್ದೆವು. ಕೆ.ಆರ್. ನಗರದಿಂದ ಅಣ್ಣನ ಹೆಂಡತಿಯ ಕಡೆಯವರು ಒಂದು ಗಾಡಿ ತುಂಬ ಬಂದಿದ್ದರು. ಅವರಿಗೆ ಯಂತ್ರ ತೋರಿಸುವುದೇ ಅಣ್ಣನಿಗೆ ಹಬ್ಬ. ಬೆಳಗಿನಿಂದ ಕರೆಂಟಿಲ್ಲ. ಪೀಪಾಯಿ ಬೆಚ್ಚಗಾಗಿ, ನಲ್ಲಿ ತಿರುಗಿಸಿದರೆ ಬಿಯರಿಗಿಂತ ನೊರೆಯೇ ಹೆಚ್ಚು ಬರುತ್ತಿತ್ತು. ಬಂದ ನೊರೆಯನ್ನೇ ಅಣ್ಣನೂ ಅವನ ಭಾವಮೈದುನರೂ ಸಾಕಷ್ಟು ಇಳಿಸಿದ್ದರು. ಎಡೆ ಇಡುವ ಹೊತ್ತಿಗೆ ಹಿಡಿಯಿರುವ ದೊಡ್ಡ ಗಾಜಿನ ಲೋಟದ ಕಂಠದವರೆಗೆ ಹಿಡಿದು, ತಂದು, ಅಪ್ಪನ ಫೋಟೊ ಮುಂದೆ ಇಟ್ಟ. ಧೂಪ ಹಾಕಿದೆವು. ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ನಿಂತೆವು. ದೊಡ್ಡಪ್ಪ ಎಂದಿನಂತೆ ಅವತ್ತೂ ಬಂದು ನಮ್ಮ ಜೊತೆ ನಿಂತಿದ್ದರು.

ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿ ಒಳಗೆ ಹೋದರೆ, ನೊರೆ ಕೂತು ಲೋಟ ಅರ್ಧಕ್ಕೆ ಇಳಿದಿತ್ತು.

"ನೋಡ್ರಲಾ, ಯಜಮಾನ್ರು ಕುಡ್ದವ್ರೆ!" ಎಂದು ಕೆ.ಆರ್. ನಗರದವನೊಬ್ಬ ಕೂಗಿದ. ಮನೆ ತುಂಬ ನಗು. ಕೆಟ್ಟ ನಗುವಲ್ಲ, ಹಬ್ಬದ ನಗು. ನನಗೂ ತುಟಿಯವರೆಗೆ ಬಂದಿತ್ತು. ಅಷ್ಟರಲ್ಲಿ ದೊಡ್ಡಪ್ಪನ ಮುಖ ಕಂಡಿತು. ಅವರು ಲೋಟ ನೋಡಿದರು, ಫೋಟೊ ನೋಡಿದರು, ಹೆಗಲ ಟವಲು ಕೊಡವಿ ಹೊರಗೆ ಹೊರಟರು. ಹಿರಿಯರ ಹಬ್ಬದ ಮನೆಯಿಂದ ಉಣ್ಣದೆ ಹೋಗುವುದೆಂದರೆ ಸಂಬಂಧ ಹರಿದುಕೊಂಡ ಹಾಗೆ. ನಾನು ಓಡಿ ಅಡ್ಡ ನಿಂತೆ.

"ಯಾಕೆ ದೊಡ್ಡಪ್ಪ? ಅದು ನೊರೆ ಇಳಿದಿರೋದು. ಬನ್ನಿ, ಇನ್ನೊಂದು ಲೋಟ ಹಿಡಿದು ತೋರಿಸ್ತೀನಿ."

"ನೊರೆ ಇಳೀತದೆ, ಅಷ್ಟೂ ತಿಳೀದಾ ನಂಗೆ? ಕುಡೀದೆ ಇರೋನ ಮುಂದೆ ಯಾರವ್ವ ಇಡ್ತಾರೆ ಅದ?"

"ಅದು ತಾತನಿಗೆ ಇಟ್ಟಿದ್ದು."

"ನಿಮ್ಮ ತಾತನ ಕಾಲ್ದಲ್ಲಿ ಬಿಯರ್ ಎಲ್ಲಿತ್ತು ಮಗಾ?" ಅವರ ದನಿ ಜೋರಾಗಲಿಲ್ಲ. "ಇಷ್ಟು ವರ್ಸ ನಂಬಿದ್ದೆ. ಊರೆಲ್ಲ ಅಂದ್ರೂ ನಂಬಿದ್ದೆ. ನನ್ನ ಗದ್ದೆ ಒಣಗಿದ್ದು ಯಾಕೆ ಅಂತ ಇವತ್ತು ಗೊತ್ತಾಯ್ತು ಬುಡು."

ನಾನು ಜಗುಲಿಯಲ್ಲಿದ್ದ ಅಣ್ಣನ ಕಡೆ ತಿರುಗಿ, "ಹೇಳೋ, ಅಪ್ಪ ಯಾವತ್ತಾದರೂ ಮುಟ್ಟಿದ್ದನಾ? ಬಾಯಿ ಬಿಟ್ಟು ಹೇಳು" ಅಂದೆ. ಅವನ ಕೈಯಲ್ಲಿ ಲೋಟ, ಸುತ್ತ ಹೆಂಡತಿಯ ಅಣ್ಣತಮ್ಮಂದಿರು. ವಿಷಯ ಏನೆಂದು ಅವನ ತಲೆಗೆ ಹೋಗಿತ್ತೋ ಇಲ್ಲವೋ. ನಗುತ್ತಾ, "ಅಪ್ಪನೇನು ಕಮ್ಮಿನಾ? ಯಾವಾಗಲಾದ್ರೂ ಒಂದೀಟು ತಗಂತಿದ್ರು ಬುಡು" ಅಂದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ಇವನು ನೆಂಟರ ಎದುರು ಒಂದು ನಗುವಿಗೆ ಅಪ್ಪನ ಮಾನವನ್ನು ಕೊಟ್ಟ. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಇಂಥವನ ತಂಗಿ ಎಂದು ಆ ಮುದುಕರ ಎದುರು ನಿಲ್ಲಲು ನಾಚಿಕೆಯಾಯಿತು.

ಆಗ ಅವ್ವ ಒಳಗಿನಿಂದ ಬಂದಳು. ಅವಳ ಕೈಯಲ್ಲಿ ಎಡೆಯ ಲೋಟವಿತ್ತು. ಎಲ್ಲರ ಎದುರು, ಅಂಗಳದಲ್ಲಿ ನಿಂತು, ಅದನ್ನು ಎತ್ತಿ ಗಟಗಟ ಕುಡಿದಳು. ಕೆಳಗಿಡುವವರೆಗೆ ನಿಲ್ಲಿಸಲಿಲ್ಲ. ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು.

"ಇದು ನಂದು ಕಣಿ ಭಾವ. ಅವ್ರದಲ್ಲ. ಅವ್ರು ಹೋದ್ಮೇಲೆ ಮೈಕೈ ನೋವು ಅಂತ ನಾನೇ ಅಭ್ಯಾಸ ಮಾಡ್ಕಂಡೆ. ಎಡೆ ಹೆಸರು ಹೇಳಿದ್ರೆ ಯಾರೂ ಏನೂ ಅನ್ನಲ್ಲ ಅಂತ ಮಗನ ಕೈಲಿ ಇಡಿಸ್ದೆ. ಅವ್ರು ಮುಟ್ಟಿದೋರಲ್ಲ. ನಿಮಗೆ ಗೊತ್ತಲ್ಲ."

ಯಾರೂ ನಗಲಿಲ್ಲ. ಅಣ್ಣ ಲೋಟವನ್ನು ಬೆನ್ನ ಹಿಂದೆ ಮಾಡಿಕೊಂಡ. ದೊಡ್ಡಪ್ಪ ಅವ್ವನನ್ನೇ ನೋಡಿದರು. "ನಿಂದಾ?" ಅಂದರು. "ನಂದೇ" ಅಂದಳು. ಅವರು ಟವಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು, ಒಳಗೆ ಬಂದು ಎಲೆಯ ಮುಂದೆ ಕೂತರು. ಬಡಿಸಿದ್ದನ್ನೆಲ್ಲ ಉಂಡರು. ಹೋಗುವಾಗ ಅಪ್ಪನ ಫೋಟೊಗೆ ಕೈ ಮುಗಿದರು. ಅವ್ವನ ಕಡೆ ನೋಡದೆ, "ಅವನಿದ್ದಿದ್ರೆ ನಿನ್ನ ಈ ಹೊಸಲು ತುಳಿಯೋಕೆ ಬುಡ್ತಿರ್ಲಿಲ್ಲ" ಎಂದು ಹೋದರು.

ಕೊಟ್ಟಿಗೆಯ ಹಿಂದೆ ಅವ್ವ ಅಷ್ಟನ್ನೂ ವಾಂತಿ ಮಾಡಿದಳು. ನಾನು ಅವಳ ಹಣೆ ಹಿಡಿದುಕೊಂಡಿದ್ದೆ. "ಕಹಿ ಕಣವ್ವ, ವಿಸ. ಇದಕ್ಕಾ ಗಂಡುಸ್ರು ಸಾಯೋದು?" ಅಂದಳು. ಯಾಕವ್ವ ಹಾಗೆ ಸುಳ್ಳು ಹೇಳಿದೆ ಎಂದು ಕೇಳಿದ್ದಕ್ಕೆ, "ನಂದೇನು ಬುಡು. ನಾನು ಯಾರ ನೀರು ಕಾದವಳು?" ಅಂದಳು.

ಅಣ್ಣ ಅವತ್ತಿನಿಂದ ತಲೆ ಎತ್ತಲಿಲ್ಲ ಎಂದು ಬರೆಯಲು ನನಗೂ ಆಸೆ. ಎತ್ತಿದ. ಒಂದು ವಾರ ಮುಖ ತಪ್ಪಿಸಿಕೊಂಡು ಓಡಾಡಿ, ಯಂತ್ರವನ್ನು ಎಚ್.ಡಿ. ಕೋಟೆ ಕಡೆಯ ಯಾರಿಗೋ ಕೊಟ್ಟು, ಮತ್ತೆ ಫ್ರಿಡ್ಜ್ ರಿಪೇರಿಗೆ ಕೂತ. ಅವ್ವನ ಹೆಸರು ಮಾತ್ರ ಹಳ್ಳಿಯಿಂದ ಹಳ್ಳಿಗೆ ಹೋಯಿತು. ಹೆಂಗಸು, ಅದೂ ಗಂಡ ಸತ್ತವಳು, ಎಡೆಯದನ್ನು ಎತ್ತಿ ಕುಡಿದಳಂತೆ. ಪಿರಿಯಾಪಟ್ಟಣದಲ್ಲಿ ನನ್ನ ಓರಗಿತ್ತಿಯರು ನನ್ನ ಕಂಡರೆ ಮಾತು ನಿಲ್ಲಿಸುತ್ತಿದ್ದರು. ನನಗೆ ಮೈಯೆಲ್ಲ ಹಿಡಿಯಾಗುತ್ತಿತ್ತು. ಎಷ್ಟೋ ಸಲ ಅವ್ವನ ಮೇಲೇ ಸಿಟ್ಟು ಬಂದದ್ದೂ ಉಂಟು. ಅಣ್ಣನ ಬಗ್ಗೆ ನಾಚಿದ್ದರಲ್ಲಿ ನ್ಯಾಯವಿತ್ತು, ಅವ್ವನ ಬಗ್ಗೆ ನಾಚಿದ್ದರಲ್ಲಿ ಯಾವ ನ್ಯಾಯವೂ ಇರಲಿಲ್ಲ. ಆದರೂ ನಾಚಿದೆ. ನಾನು ಬಾಯಿ ಬಿಟ್ಟರೆ ಅವ್ವನಿಗೆ ಹತ್ತಿದ ಕಳಂಕವೇನೋ ಹೋಗುತ್ತಿತ್ತು, ಆದರೆ ಆ ಲೋಟ ಮತ್ತೆ ಅಪ್ಪನ ಮುಂದೆ ಹೋಗಿ ಕೂರುತ್ತಿತ್ತು.

ನನ್ನ ಗಂಡನಿಗೂ ಹೇಳಲಿಲ್ಲ. ಗೊಬ್ಬರದ ಅಂಗಡಿಯಿಟ್ಟ ಒಳ್ಳೆಯ ಮನುಷ್ಯ. ಆದರೆ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಅಂಗಡಿಗೆ ಬಂದವರಿಗೆಲ್ಲ ಮನೆಯದನ್ನು ಹೇಳುವವರು. "ಒಂದು ಬಾಯಿಗೆ ಹೇಳಿದ್ರೆ ಊರಿಗೇ ಹೇಳ್ದಂಗೆ. ಬ್ಯಾಡ" ಎಂದು ಅವ್ವ ನನ್ನ ಕೈ ಹಿಡಿದು ಮಾತು ತೆಗೆದುಕೊಂಡಿದ್ದಳು.

ಮಾರನೆಯ ವರ್ಷ ಅವ್ವ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ನಮ್ಮಲ್ಲಿ ಬಂದು ಉಳಿದಳು. ಒಂದು ಸಂಜೆ ಗಂಡ ನನ್ನನ್ನು ಅಡುಗೆಮನೆಗೆ ಕರೆದು, ದನಿ ತಗ್ಗಿಸಿ ಹೇಳಿದರು. "ಅತ್ತೆಗೆ ಒಂದು ಬಾಟಲಿ ಬಿಯರ್ ತಂದು ಫ್ರಿಡ್ಜಲ್ಲಿ ಇಟ್ಟಿದೀನಿ. ವಯಸ್ಸಾದೋರು, ಕೇಳೋಕೆ ಸಂಕೋಚ ಪಡ್ತಾರೆ. ನಾವೇನೂ ಅಂದುಕೊಳ್ಳಲ್ಲ ಅಂತ ನೀನೇ ಹೇಳು." ಅವರ ಮುಖದಲ್ಲಿ ಒಂದು ಚೂರು ಗೇಲಿ ಇರಲಿಲ್ಲ. ಇದ್ದಿದ್ದರೆ ಜಗಳವಾಡಬಹುದಿತ್ತು. ನಾನು ಕಿವಿಯವರೆಗೆ ಕೆಂಪಾಗಿ, ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಹೋದೆ. ಅವ್ವ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತಿದ್ದಳು.

ಬಾಟಲಿಯನ್ನು ಸೆರಗಿನಿಂದ ತೆಗೆದು ಅವಳ ಪಕ್ಕದಲ್ಲಿ ಇಟ್ಟೆ. ಅವಳೇ ಬಾಟಲಿ ಮುಟ್ಟಿ ನೋಡಿ ತಿಳಿದುಕೊಂಡಳು. "ಅಳಿಯ ತಂದ್ರಾ?" ಅಂದಳು. ಕಲ್ಲಿನ ಅಂಚಿಗೆ ಮುಚ್ಚಳ ಎಬ್ಬಿಸಿ, ಸದ್ದಾಗದ ಹಾಗೆ ಬಚ್ಚಲ ಮೋರಿಗೆ ಸುರಿದಳು. ಸುರಿದು ಮುಗಿಯುವವರೆಗೂ ಕಾದು, ಖಾಲಿ ಬಾಟಲಿ ನನ್ನ ಕೈಗೆ ಕೊಟ್ಟು, ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಕಣ್ಣಿಗೆ ಕಟ್ಟಿದ ಹಸಿರು ಪಟ್ಟಿಯ ಕೆಳಗೆ ಸೆರಗಿನಿಂದ ತುಟಿ ಒರೆಸಿಕೊಳ್ಳುತ್ತಾ ನನ್ನ ಗಂಡನಿಗೆ ಹೇಳಿದಳು:

"ಚೆನ್ನಾಗಿತ್ತು ಕಣಪ್ಪ. ತಣ್ಣಗಿತ್ತು."