ಓಡುತ್ತಿದ್ದ ಲ್ಯಾಪ್‌ಟಾಪಿಗೆ ಆಯುಧಪೂಜೆ

ಆಯುಧಪೂಜೆಯ ದಿನ ಶೆಟ್ಟಿಹಳ್ಳಿಯ ನಮ್ಮ ಮನೆಯಲ್ಲಿ ಯಾವ ಯಂತ್ರವನ್ನೂ ಓಡಿಸುವಂತಿರಲಿಲ್ಲ. ಆ ವರ್ಷ ನಾನು ಓಡಿಸಿದೆ. ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಎಂಬ ಹಗುರವಾದ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡಿದ್ದೆ. ಅದಕ್ಕೆ ಸಿ.ಡಿ.ಯಿಂದ ಟೈಪಿಂಗ್ ಸಾಫ್ಟ್‌ವೇರ್ ಇನ್‌ಸ್ಟಾಲ್ ಆಗುತ್ತಿತ್ತು. ಸಿ.ಡಿ. ಗೆಳೆಯನದು, ಅದನ್ನು ತೆಗೆದುಕೊಂಡು ಅವನು ಮಧ್ಯಾಹ್ನವೇ ಗುಬ್ಬಿಗೆ ಹೊರಡುವವನಿದ್ದ. ಬ್ಯಾಟರಿ ಎಂದೋ ಸತ್ತಿತ್ತು. ಸಡಿಲವಾದ ಸಾಕೆಟ್ಟಿನಿಂದ ಪ್ಲಗ್ ಜಾರಿದರೆ ಎಲ್ಲ ಕೆಟ್ಟಂತೆಯೇ.

ಕುಣಿಗಲ್ ರೂಟಿನಲ್ಲಿ ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತನಾಗಿದ್ದ ಅಪ್ಪ ಕುಂಕುಮದ ತಟ್ಟೆ ಹಿಡಿದು ಬಂದ.

"ಆಫ್ ಮಾಡು ಅದನ್ನ. ಹತ್ತೂವರೆಗೆ ರಾಹುಕಾಲ."

"ಆಗಲ್ಲಪ್ಪ, ಅರ್ಧ ಮಾತ್ರ ಆಗಿದೆ."

"ಓಡ್ತಿರೋ ಗಾಡಿಗೆ ಯಾರಾದ್ರೂ ಪೂಜೆ ಮಾಡ್ತಾರೇನ್ಲಾ?"

ಅಪ್ಪನ ಕೈ ಸ್ವಿಚ್ಚಿನತ್ತ ಹೋಯಿತು. ನನಗೆ ರೇಗಿತು.

"ದಿಬ್ಬ ಹತ್ತುವಾಗ ನೀನು ಇಂಜಿನ್ ಆಫ್ ಮಾಡ್ತಿದ್ದೇನಪ್ಪ?" ಎಂದು ಕಿರುಚಿದೆ.

ಆ ಕೈ ಅಲ್ಲೇ ನಿಂತಿತು. ಅಷ್ಟರಲ್ಲಿ ಪ್ಲಗ್ ಅಲುಗಿ ಚಾರ್ಜರಿನ ದೀಪ ಮಿಣುಕಿತು. ಅಪ್ಪ ತಟ್ಟೆ ಕೆಳಗಿಟ್ಟು ಕೂತವನೇ ಪ್ಲಗ್ಗನ್ನು ಗೋಡೆಗೆ ಒತ್ತಿ ಹಿಡಿದ. ಪರದೆಯ ಅಂಕಿ ಎಂಬತ್ತರಲ್ಲಿ ನಿಂತು ಸಿ.ಡಿ. ಕರಕರ ಎಂದಾಗ ನಾನು ಪರದೆಯತ್ತ ಇನ್ನಷ್ಟು ಬಾಗಿದೆ. ಗಡಿಯಾರ ಹತ್ತೂವರೆ ದಾಟಿತು. ನಾನು ನೋಡಿದೆ. ಅಪ್ಪ ನೋಡಲಿಲ್ಲ.

"ಆಯ್ತು, ಬಿಡಪ್ಪ," ಎಂದು ನಾನು ಹೇಳಿದಾಗ ಹನ್ನೊಂದಾಗಿತ್ತು.

"ಮೊದ್ಲು ನೀನು ಸರಿಯಾಗಿ ನಿಲ್ಸು," ಎಂದ.

ಪರದೆ ಪೂರ್ತಿ ಕಪ್ಪಾದ ಮೇಲೆಯೇ ಕೈ ತೆಗೆದ. ಅಂಗೈಯಲ್ಲಿ ಪ್ಲಗ್ಗಿನ ಅಚ್ಚು ಕೆಂಪಗೆ ಮೂಡಿತ್ತು. ಅದೇ ಕೈಯಿಂದ, ರಾಹುಕಾಲದಲ್ಲೇ, ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟ.