ಒಬ್ಬಾಕೀನ ಹ್ಯಾಂಗ ಬಿಡ್ಲಿ?

ಯಾರ ಮಾತೂ ಬೇಡವೆಂದೇ ಒಬ್ಬಳೇ ಬೈಕಿನಲ್ಲಿ ಕೋಟೆಗಳನ್ನು ನೋಡಲು ಹೊರಟಿದ್ದೆ. ಶಹಾಪುರದ ಬಳಿ ಕಾಲುವೆ ದಂಡೆಯಲ್ಲಿ ನಿಂತು, ಬುದ್ಧ ಮಲಗಿದಂತೆ ಕಾಣುವ ಬೆಟ್ಟವನ್ನು ನೋಡುತ್ತಿದ್ದೆ. ಭತ್ತದ ನಾಟಿ ಮುಗಿಸಿ ಬಂದ ಮುದುಕಿಯೊಬ್ಬಳು ಕೇಳಿದಳು, “ಯಾರ ಜೋಡಿ ಬಂದೀಯವ್ವಾ?”

“ಒಬ್ಬಳೇ. ಸುರಪುರಕ್ಕೆ, ಆಮೇಲೆ ಯಾದಗಿರಿಗೆ.”

“ಅಯ್ಯ, ಒಬ್ಬಾಕೀನ ಹ್ಯಾಂಗ ಬಿಡ್ಲಿ? ತಡಿ, ಊರತನಕ ನಾ ಬರ್ತೀನಿ” ಎಂದು ಕೆಸರುಗಾಲಲ್ಲೇ ಹಿಂದೆ ಹತ್ತಿ ಕೂತಳು. ನನಗೆ ಸಿಟ್ಟು ಬಂತು. ಅವಳು ಭುಜ ಹಿಡಿದು, “ಸಾವಕಾಶ ಹೋಗು, ನಾ ಅದೀನಿ” ಎಂದಳು.

ಶಹಾಪುರದಲ್ಲಿ ಇಳಿದವಳೇ ಬಸ್ಸಿಗೆ ಕಾಯುತ್ತಿದ್ದ ಹೆಂಗಸನ್ನು ಕೂಗಿದಳು: “ಯಲ್ಲವ್ವಾ, ಈಕಿ ಒಬ್ಬಾಕೀನ ಸುರಪುರಕ್ಕ ಹೊಂಟಾಳ. ಜೋಡಿ ಹೋಗು.”

ಯಲ್ಲವ್ವ ಗಂಟಿನ ಸಮೇತ ಹತ್ತಿದಳು.

ಸುರಪುರದಲ್ಲಿ ಇಳಿದ ಯಲ್ಲವ್ವ, ಮುಂದೆ ಯಾದಗಿರಿಗೆ ನನ್ನ ಜೋಡಿ ಹೋಗುವವರು ಯಾರಿದ್ದಾರೆಂದು ಹುಡುಕತೊಡಗಿದಳು. ನಾನೂ ಹುಡುಕಿದೆ.